ಜವಾರಿ

ನರೇಂದ್ರದ ಬದನಿಕಾಯಿ, ಹೆಬ್ಬಳ್ಳಿ ಮೆಂತ್ಯೆ
ಮುಂದ ಹರವಿಕೊಂಡು ಕುಂತಾಗ
ನನ್ನ ದನಿ ಧಾರವಾಡ ಸೂಪರ್ ಮಾರ್ಕೆಟ್ಟಿನ ಆ ತುದಿಗೆ,
ಬಾಳಿಹಣ್ಣಿನ ಗಾಡಿತನಕ ಹೋಗತಿತ್ತು:
"ಜವಾರೀ... ಜವಾರಿ ಬದನೀ..."
ತಕ್ಕಡಿ ಮುಟ್ಟಿ ಹೇಳ್ತೀನಿ, ಮೈಕು ಬೇಕಿರಲಿಲ್ಲ.

ಮದಿಹಾಳದ ಓಣ್ಯಾಗ ಮಥುರಾ ಅಕ್ಕಾರ ಮನಿ.
ಫೀ ಅಂದರ ವಾರಕ್ಕ ನಾಕು ಸಿವುಡು ಕೊತ್ತಂಬರಿ.
ಹೊಚ್ಚಲ ಹೊರಗ ಚಪ್ಪಲಿ ಬಿಟ್ಟೆ,
ಅದರ ಸಂಗಾಟ ದನೀನೂ ಬಿಟ್ಟೆ ಅಂತ ಕಾಣತೈತಿ.
ಒಳಗ ಹೋಗಿ 'ಸಾ' ಅಂದರ
ತೊಯ್ದ ಗೋಣೀಚೀಲ ಕೆಳಗ ಇಟ್ಟಂಗ,
ಸಪ್ಪಳಿಲ್ಲ, ಬರೇ ತೂಕ.

ನಲವತ್ಮೂರು ವರ್ಷದ ಹೆಂಗಸು
ಆರನೇತ್ತೆ ಹುಡುಗೂರ ಜೋಡಿ ಕುಂತು
ಮರ್ಯಾದಿಲೆ ಹಾಡಬೇಕಲ್ಲ ಮತ್ತ?
ರೇಡಿಯೋದಾಗಿನ ಹೆಂಗಸರಂಗ
ಸಣ್ಣ ಮಾಡಿ, ಸೋಸಿ, ಸಕ್ಕರಿ ಹಾಕಿ ಕೊಟ್ಟೆ.
ಅಕ್ಕಾರು ಕನ್ನಡಕ ಒರಸಿಕೊಂತ ಕೇಳಿದರು:
"ಫಕೀರವ್ವಾ, ಮಗ್ಗಲ ಮನ್ಯಾಗ ಕೂಸು ಮಲಗ್ಯದೇನ?"

ಮೂರು ತಿಂಗಳು ತುಟಿ ಮುಚ್ಚಿಸಿದರು.
ಬರೇ 'ಮ್'.
ಹಲ್ಲಿನ ಬುಡದಾಗ ಇರುವಿ ಹರದಂಗ ಆಗಬೇಕು,
ಮೂಗಿನ ಎಲಬು ಗುಂಯ್ ಅನ್ನಬೇಕು,
ನತ್ತಿನ ಹರಳು ನಡಗಬೇಕು ಅಂದರು.
ನನ್ನ ನತ್ತು ಸೊಸೈಟ್ಯಾಗ ಒತ್ತಿ ಬಿದ್ದಿತ್ತು.
ಅವರಿಗೆ ಹೇಳಲಿಲ್ಲ.
ತೂತು ಮುಚ್ಚಬಾರದಂತ ಇಟ್ಟ ಬೇವಿನ ಕಡ್ಡಿ
ನಡಗಿದರೂ ಸಾಕು ಅಂದಕೊಂಡೆ.

ನಸುಕಿನ್ಯಾಗ ನಾಕೂವರಿಗೆ ಎದ್ದು,
ಹರಾಜಿಗೆ ಹೋಗೂ ಟಂಟಂ ಬರೂತನಕ
ಕೆಳಗಿನ ಪಂಚಮಕ್ಕ ಇಳದು ಕುಂದರತಿದ್ದೆ.
ಗಂಡ ಮಗ್ಗಲಾ ಬದಲಿಸಿ ಅಂದ:
"ಎಮ್ಮಿ ಈಯಾಕತ್ತೈತೇನ?"
ಎಮ್ಮಿ ಇಲ್ಲದ ಮನಿ ನಮ್ಮದು.
ನಕ್ಕೆ. ನಗೂವಾಗ ಎದಿಯಾಗ ಏನೋ ತೆರೀತು,
ಹಿಡಿಯೂದರಾಗ ಮುಚ್ಚಿತು.

ಒಂದು ಮಂಗಳವಾರ, ಸಂತಿ ದಿನ,
ಬೆನ್ನ ಹಿಂದ ಬಂದು ನಿಂತಿದ್ದರಂತ ಅಕ್ಕಾರು
ಕೈಚೀಲ ಹಿಡಕೊಂಡು, ನಾ ಕೂಗೂದು ಕೇಳಿಕೊಂತ.
ಮರುದಿನ ಒಂದ ಮಾತು: "ನಿನ್ನೀದು ತಗದು ಇಡು."
ಇಟ್ಟೆ. ಪೂರಾ ಎದಿ ಹರದು 'ಸಾ' ಇಟ್ಟೆ.
ಹುಡುಗೂರು ಕಿವಿ ಮುಚ್ಚಿಕೊಂಡರು,
ಕಿಡಕ್ಯಾಗಿನ ಬೆಕ್ಕು ಜಿಗದು ಓಡಿತು.
"ಇದು ಮಾರೂ ದನಿ," ಅಂದರು,
"ಮೊದಲಿಂದು ಅಂಜೂ ದನಿ.
ನಡುವ ಇನ್ನೊಂದು ಅದ, ಹುಡಕೂಣು ಬಾ."

ತಂಬೂರಿ ಮಡಲಾಗ ಮಲಗಿಸಿಕೊಂಡು
ತಂತಿ ಮೀಟಿದರು. ಮಂಕು, ತಗಡಿನ ಡಬ್ಬಿ ಬಡದಂಗ.
ಕುದರಿ ಮ್ಯಾಲೆ, ತಂತಿ ಕೆಳಗ
ಒಂದು ಎಳಿ ನೂಲು,
ಹೊಲಿಗಿ ಡಬ್ಬ್ಯಾಗಿಂದು, ಬಿಳೇದು.
ಉಗುರಿಲೆ ತುಸು ಸರಿಸಿದರು. ಇನ್ನ ತುಸು.
ಎಳ್ಳಿನಷ್ಟು.
ಜೇನು ಎದ್ದಂಗ ಎದ್ದಿತು ನೋಡ್ರಿ ಆ ತಂತಿ,
ಒಂದರೊಳಗ ಹತ್ತು ಮಂದಿ ದನಿ,
ಗೂಡಿನ್ಯಾಗಿನ ತಾಮ್ರದ ತಂಬಗಿ ಸೈತ ಝಿಂ ಅಂತು.
"ಇದಕ್ಕ ಏನಂತಾರ, ಗೊತ್ತದೇನ?"
ತಲಿ ಅಲ್ಲಾಡಿಸಿದೆ.
"ಜವಾರಿ."

ನಂಗ ನಗು ತಡೀಲಿಲ್ಲ.
ಇಪ್ಪತ್ತು ವರ್ಷ ಅದನ್ನ ಕೂಗಿ ಕೂಗಿ
ಪಾವ್ ಕಿಲೋ ಲೆಕ್ಕದಾಗ ಮಾರೇನಿ,
ಹುಳಾ ಹತ್ತಿದರೂ ರುಚಿ ಬ್ಯಾರೇರಿ ಅಂತ ಆಣಿ ಹಾಕೇನಿ,
ನನ್ನ ಗಂಟಲದಾಗ ಒಂದು ಕಾಳು ಬಿತ್ತಿರಲಿಲ್ಲ.

ನನ್ನ ನೂಲು ಎಲ್ಲೈತಿ ಅಂತ ಇನ್ನೂ ಹುಡಕಾಕತ್ತೀನಿ.
ನಾಲಿಗಿ ಬುಡದಾಗೋ, ಬಿಗದ ದವಡ್ಯಾಗೋ,
ಮಂದಿ ಏನಂದಾರು ಅನ್ನೂ ಆ ಗಂಟಿನ್ಯಾಗೋ.
ಮೊನ್ನೆ ಸಂಜಿಮುಂದ ಒಂದ ಸಲ
'ಗಾ' ಹತ್ತೂವಾಗ ತಾನ ಸರೀತು.
ಬಾಯಿ ನಾ ತೆರದದ್ದಲ್ಲ, ಅದ ತೆರೀತು.
ನೆತ್ತಿಯೊಳಗ ದೀಪಾ ಹಚ್ಚಿದಂಗ,
ಮೂಗಿನ ಬೇವಿನ ಕಡ್ಡಿ ನಡಗಿತು.
ಅಕ್ಕಾರು ಏನೂ ಅನಲಿಲ್ಲ,
ಕೊತ್ತಂಬರಿ ಸೋಸೂ ಕೈ ನಿಂತಿತು, ಅಷ್ಟ.

ಮುಂದಿನ ಉಸುರಿಗೆ ಹೋತು.
ಅವರು ಮತ್ತ ಸೋಸಾಕತ್ತಿದರು.